ಹಿಂದೂಪುರದ ಮಾಳಿಗೆಯಲ್ಲಿ ಗಾಲ್ಫ್

ಹಿಂದೂಪುರದಲ್ಲಿ ಹುಣಸೆಹಣ್ಣಿನ ಮಂಡಿಯಿದೆ, ರೇಷ್ಮೆಗೂಡಿನ ಮಾರುಕಟ್ಟೆಯಿದೆ, ಬೆಲ್ಲದ ವ್ಯಾಪಾರವಿದೆ, ಒಂದಷ್ಟು ದೂರ ಹೋದರೆ ಲೇಪಾಕ್ಷಿಯ ಬಸವಣ್ಣನಿದ್ದಾನೆ. ಗಾಲ್ಫ್ ಮೈದಾನ ಮಾತ್ರ ಇಲ್ಲ. ಕಲ್ಯಾಣದುರ್ಗದಲ್ಲಂತೂ ಅದರ ಮಾತೇ ಬೇಡ. ವರ್ಷಕ್ಕೆ 550 ಮಿಲಿಮೀಟರ್ ಆಸುಪಾಸು ಮಳೆ ಕಾಣುವ ಸೀಮೆ ಇದು. ದಿನಕ್ಕೆ ಲಕ್ಷಗಟ್ಟಲೆ ಲೀಟರ್ ನೀರು ಕುಡಿಯುವ ಹುಲ್ಲುಹಾಸನ್ನು ಇಲ್ಲಿ ಯಾರು ಸಾಕುತ್ತಾರೆ? ಬೋರ್‌ವೆಲ್ ಕೊರೆಸಿ ಕಡಲೆಕಾಯಿ ಉಳಿಸಿಕೊಂಡರೆ ಅದೇ ದೊಡ್ಡ ಗೆಲುವು.

ಹಾಗಿದ್ದೂ 2020ರ ಬೇಸಿಗೆಯಿಂದ ವರ್ಷದ ಮೇಲೆ ಈ ಎರಡು ಊರುಗಳಲ್ಲಿ ಗಾಲ್ಫ್ ಅಭ್ಯಾಸ ನಡೆಯಿತು. ಆಡಿದವರು ಇಬ್ಬರೇ. ಒಬ್ಬರು ಬೆಂಗಳೂರಿನಲ್ಲಿ ಬ್ಯಾಂಕ್ ಕೆಲಸ ಮುಗಿಸಿ ಹಿಂದೂಪುರದ ಹಿರಿಯರ ಮನೆಗೆ ಬಂದು ನೆಲೆಸಿದವರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಓಣಿಯವರಿಗೆಲ್ಲ ಅವರು ‘ಮೇನೇಜರ್ ಸಾರ್’. ಇನ್ನೊಬ್ಬ ಅವರ ಅಕ್ಕನ ಮಗ, ಕಲ್ಯಾಣದುರ್ಗದವನು, ವೈರಿಂಗ್ ಕೆಲಸ ಮಾಡುವವನು. ಅವರು ಬಳಸಿದ ಸಾಮಾನುಗಳ ಪಟ್ಟಿ ಮಾಡಿದರೆ ಗಾಲ್ಫ್ ಅಂಗಡಿಯವನು ನಗುತ್ತಾನೆ: ಗೋಣಿಚೀಲ, ಟವೆಲ್ಲು, ಹುಣಸೆ ಬರಲು, ಸ್ಟೀಲ್ ಲೋಟ, ರಂಗೋಲಿ ಪುಡಿ.

ಮೇನೇಜರರಿಗೆ ಗಾಲ್ಫ್ ಅಂಟಿಕೊಂಡದ್ದು ಬೆಂಗಳೂರಿನ ದೊಮ್ಮಲೂರು ಕಡೆಯ ಶಾಖೆಯಲ್ಲಿದ್ದಾಗ. ಹತ್ತಿರದಲ್ಲೇ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಮೈದಾನ. 1973ರಲ್ಲಿ ಶುರುವಾದ ಸಂಸ್ಥೆ. ಚಲ್ಲಘಟ್ಟದ ಬಯಲು ಅದರ ಮೈದಾನವಾಯಿತು. ಬೆಂಗಳೂರಿಗೆ ಗಾಲ್ಫ್ ಅದಕ್ಕೂ ನೂರು ವರ್ಷ ಹಿಂದೆಯೇ ಬಂದಿತ್ತು, ಬೆಂಗಳೂರು ಗಾಲ್ಫ್ ಕ್ಲಬ್ ಹುಟ್ಟಿದ್ದು 1876ರಲ್ಲಿ. ಮೈಸೂರಿನಲ್ಲಿ ಅರಮನೆಯ ಆಶ್ರಯದಲ್ಲಿ ಆಟ ಬೆಳೆಯಿತು. ಕೋಲಾರದ ಚಿನ್ನದ ಗಣಿಯಲ್ಲಿ ಇಂಗ್ಲಿಷ್ ಅಧಿಕಾರಿಗಳು ಕ್ಲಬ್ಬಿನ ಜತೆ ಮೈದಾನವನ್ನೂ ಮಾಡಿಕೊಂಡಿದ್ದರು. ಒಟ್ಟಿನಲ್ಲಿ ದೊರೆಗಳ ಆಟ, ದೊರೆಗಳು ಹೋದ ಮೇಲೆ ದುಡ್ಡಿದ್ದವರ ಆಟ.

ಈ ಮಾತು ಅರ್ಧ ನಿಜ. ಇನ್ನರ್ಧ ಮೇನೇಜರರ ಕೌಂಟರಿನ ಮುಂದೆ ಪಾಸ್‌ಬುಕ್ ಹಿಡಿದು ನಿಲ್ಲುತ್ತಿತ್ತು. ಮೈದಾನದಲ್ಲಿ ಸದಸ್ಯರ ಚೀಲ ಹೊರುವ ಕ್ಯಾಡಿಗಳಲ್ಲಿ ಹಲವರ ಖಾತೆ ಆ ಶಾಖೆಯಲ್ಲಿತ್ತು. ಶಾಲೆ ಅರ್ಧಕ್ಕೆ ಬಿಟ್ಟು ಚೀಲ ಹೊತ್ತು, ಸದಸ್ಯರು ಮೂಲೆಗೆಸೆದ ಕೋಲು ಹಿಡಿದು, ಸೋಮವಾರಗಳಂದು ಆಡಿ ಕಲಿತ ಹುಡುಗರು. ಅವರಂತೆಯೇ ಕ್ಯಾಡಿಯಾಗಿದ್ದ ಸಿ. ಮುನಿಯಪ್ಪ 2009ರಲ್ಲಿ ಗುರಗಾಂವಿನಲ್ಲಿ ಇಂಡಿಯನ್ ಓಪನ್ ಗೆದ್ದರು, ಅದೂ ಕೊರಿಯಾದ ಆಟಗಾರನೊಡನೆ ಪ್ಲೇಆಫ್ ಆಡಿ. ಅದಕ್ಕೂ ಮುಂಚೆ, 1991ರಲ್ಲಿ ಅದೇ ಪ್ರಶಸ್ತಿ ಗೆದ್ದ ಅಲಿ ಶೇರ್ ದೆಹಲಿಯಲ್ಲಿ ಕ್ಯಾಡಿಯಾಗಿದ್ದವರು. ಎಸ್.ಎಸ್.ಪಿ. ಚೌರಾಸಿಯಾ ಕೋಲ್ಕತ್ತದಲ್ಲಿ ಮೈದಾನದ ಹುಲ್ಲು ನೋಡಿಕೊಳ್ಳುತ್ತಿದ್ದವರ ಮಗ. ಇವರಲ್ಲಿ ಯಾರ ಮನೆಯಲ್ಲೂ ಅಭ್ಯಾಸಕ್ಕೆಂದು ಯಂತ್ರ ಇರಲಿಲ್ಲ.

ಗ್ರಾಹಕರೊಬ್ಬರು ಮೇನೇಜರರನ್ನು ಒಂದು ಭಾನುವಾರ ಏಟು ಅಭ್ಯಾಸ ಮಾಡುವ ಡ್ರೈವಿಂಗ್ ರೇಂಜಿಗೆ ಕರೆದೊಯ್ದರು. ಚೆಂಡು ಅಲ್ಲಾಡದೆ ಎದುರಿಗೇ ಕೂತಿದೆ, ಬೌಲರ್ ಇಲ್ಲ, ಬೌನ್ಸರ್ ಇಲ್ಲ. ಆದರೂ ಮೊದಲ ಏಟಿಗೆ ಕೋಲು ಗಾಳಿಯನ್ನಷ್ಟೇ ಸೀಳಿತು. ಪಕ್ಕದಲ್ಲಿದ್ದ ಹಿರಿಯ ಕ್ಯಾಡಿ ಹೇಳಿದ ಮಾತನ್ನು ಅವರು ಇವತ್ತಿಗೂ ಹೇಳುತ್ತಿರುತ್ತಾರೆ: “ಚೆಂಡು ಹೊಡೆಯೋಕೆ ಹೋಗ್ಬೇಡಿ ಸಾರ್. ಕೋಲು ಬೀಸಿ. ಚೆಂಡು ದಾರೀಲಿ ಸಿಗುತ್ತೆ.” ನಿವೃತ್ತಿಯಾಗಿ ಊರಿಗೆ ಬಂದ ಮೇಲೂ ತಿಂಗಳಿಗೊಮ್ಮೆ ರೈಲು ಹತ್ತಿ ರೇಂಜಿಗೆ ಹೋಗುವುದು ನಡೆದೇ ಇತ್ತು. ಬಿವಿಕೆ ಅಯ್ಯಂಗಾರ್ ರಸ್ತೆಯ ಸಂಡೇ ಬಜಾರಿನಲ್ಲಿ ಕೊಂಡ ಹಳೆಯದೊಂದು ಸೆವೆನ್ ಐರನ್ ಕೋಲು, ಚೆಂಡನ್ನು ಕುಳಿಗೆ ಉರುಳಿಸುವ ಒಂದು ಪಟ್ಟರ್, ನಾಲ್ಕಾರು ಚೆಂಡು ಹಿಂದೂಪುರದ ಮನೆಯ ಕೋಣೆಯಲ್ಲಿ ಛತ್ರಿಯ ಪಕ್ಕ ನಿಂತಿರುತ್ತಿದ್ದವು.

2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆಯಾಯಿತು. ರೈಲು ನಿಂತಿತು, ಕ್ಲಬ್ಬುಗಳಿಗೆ ಬೀಗ ಬಿತ್ತು. ಛತ್ರಿಯ ಪಕ್ಕದ ಐರನ್ ಮಾಳಿಗೆ ಹತ್ತಿತು.

ಕಟ್ಟುನಿಟ್ಟು ಸ್ವಲ್ಪ ಸಡಿಲವಾದ ಮೇಲೆ ಕಲ್ಯಾಣದುರ್ಗದಿಂದ ಅಳಿಯ ಬೈಕಿನಲ್ಲಿ ಬಂದ. ಆ ದಾರಿಯೇ ಒಂದು ಕಥೆ: ಕಲ್ಯಾಣದುರ್ಗ ಬಿಟ್ಟು ಪಾವಗಡ ಹೊಕ್ಕರೆ ಕರ್ನಾಟಕ, ಪಾವಗಡ ದಾಟಿ ಮಡಕಶಿರಕ್ಕೆ ಬಂದರೆ ಮತ್ತೆ ಆಂಧ್ರ. ಒಂದೇ ರಾಜ್ಯದ ಎರಡು ಊರುಗಳ ನಡುವೆ ಇನ್ನೊಂದು ರಾಜ್ಯ. ಚೆಕ್‌ಪೋಸ್ಟಿನಲ್ಲಿ ತೆಲುಗಿನಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ ಅದೇ ಉತ್ತರ ಹೇಳಿ ಬರಬೇಕಿತ್ತು. ಅವನು ದುಡಿಯುತ್ತಿದ್ದದ್ದು ಪಾವಗಡದ ತಿರುಮಣಿ ಸೋಲಾರ್ ಪಾರ್ಕಿನ ಕೆಲಸಗಳಲ್ಲಿ. ಹದಿಮೂರು ಸಾವಿರ ಎಕರೆಯಲ್ಲಿ ಹರಡಿದ, 2,050 ಮೆಗಾವಾಟಿನ ಆ ಪಾರ್ಕು ಈ ಸೀಮೆಯ ಬಿಸಿಲಿಗೆ ಸಿಕ್ಕ ಬೆಲೆ. ಆಗ ಕೈಯಲ್ಲಿ ಕೆಲಸವಿರಲಿಲ್ಲ. ಮಾಳಿಗೆಗೆ ಬಂದು ನೋಡಿದವನೇ ನಕ್ಕ. “ಏನ್ ಮಾಮ, ಹುಲ್ಲು ಕೊಯ್ಯೋ ಹಂಗೆ ಬೀಸ್ತಿದ್ದೀರಲ್ಲ!”

ಅವನು ಚಿಕ್ಕಂದಿನಲ್ಲಿ ಆರ್‌ಡಿಟಿಯ ಮೈದಾನಗಳಲ್ಲಿ ಕ್ರಿಕೆಟ್ ಆಡಿದವನು. ಸ್ಪೇನಿನಿಂದ ಬಂದ ವಿನ್ಸೆಂಟ್ ಫೆರರ್ 1969ರಲ್ಲಿ ಅನಂತಪುರದಲ್ಲಿ ನೆಲೆನಿಂತು ಕಟ್ಟಿದ ಸಂಸ್ಥೆ ಅದು. ಅವರ ಅನಂತಪುರದ ಕ್ರೀಡಾಗ್ರಾಮದಲ್ಲಿ 2010ರಲ್ಲಿ ರಫೆಲ್ ನಡಾಲ್ ಖುದ್ದಾಗಿ ಬಂದು ಟೆನಿಸ್ ಶಾಲೆ ಶುರು ಮಾಡಿದರು. ಬರದ ಜಿಲ್ಲೆಯಲ್ಲಿ ಟೆನಿಸ್ ಯಾಕೆ ಎಂದು ಕೇಳಿದವರೂ ಇದ್ದರು. ಕೇಳಿದವರು ಕೇಳುತ್ತಲೇ ಇದ್ದರು, ಹಳ್ಳಿಯ ಮಕ್ಕಳು ರ್‍ಯಾಕೆಟ್ ಹಿಡಿದರು.

ಅಳಿಯ ಮೊದಲು ಮಾಡಿದ್ದು ಕ್ರಿಕೆಟ್ ಹುಡುಗರೆಲ್ಲ ಮಾಡುವ ಕೆಲಸ. ಹಳೆಯ ಕಾಲುಚೀಲದೊಳಗೆ ಚೆಂಡು ಹಾಕಿ ಬಟ್ಟೆ ಒಣಗಿಸುವ ತಂತಿಗೆ ನೇತು ಬಿಟ್ಟ. ಜತೆಗೆ ಬ್ರಾಡ್‌ಮನ್ ಕಥೆ ಬೇರೆ: ಬೌರಲ್ ಎಂಬ ಸಣ್ಣ ಊರಿನ ಹುಡುಗ ಮನೆಯ ಹಿಂದೆ ನೀರಿನ ಟ್ಯಾಂಕಿನ ಇಟ್ಟಿಗೆ ಕಟ್ಟೆಗೆ ಗಾಲ್ಫ್ ಚೆಂಡು ಎಸೆದು, ಹಿಂದಕ್ಕೆ ಚಿಮ್ಮಿ ಬಂದದ್ದನ್ನು ಸ್ಟಂಪಿನಿಂದ ಹೊಡೆಯುತ್ತಿದ್ದ, ಮುಂದೆ ಟೆಸ್ಟಿನಲ್ಲಿ 99.94ರ ಸರಾಸರಿ ತಂದ. ಗಾಲ್ಫ್ ಚೆಂಡಿನಿಂದ ಕ್ರಿಕೆಟ್ ಕಲಿಯಬಹುದಾದರೆ ಕ್ರಿಕೆಟ್ಟಿನ ಕಾಲುಚೀಲದಿಂದ ಗಾಲ್ಫ್ ಯಾಕಾಗಬಾರದು ಎಂಬುದು ಅವನ ವಾದ. ವಾದ ಚೆನ್ನಾಗಿತ್ತು, ಕಾಲುಚೀಲ ಕೆಲಸಕ್ಕೆ ಬರಲಿಲ್ಲ. ಗಾಲ್ಫ್ ಚೆಂಡು ನೆಲದ ಮೇಲಿರುತ್ತದೆ. ಐರನ್ನಿನ ಏಟಿನಲ್ಲಿ ಕೋಲಿನ ತಲೆ ಇಳಿಯುತ್ತಾ ಬಂದು ಮೊದಲು ಚೆಂಡನ್ನೂ ಆಮೇಲೆ ನೆಲವನ್ನೂ ಮುಟ್ಟಬೇಕು. ಗಾಳಿಯಲ್ಲಿ ತೂಗುವ ಚೆಂಡಿಗೆ ಈ ವಿಷಯ ಗೊತ್ತಿಲ್ಲ. ಎಲ್ಲಿ ಬಡಿದರೂ ಅದು ಹಾರುತ್ತದೆ.

ಆದರೆ ಅಳಿಯ ಆಡಿದ ಇನ್ನೊಂದು ಮಾತು ಉಳಿಯಿತು. “ಟೆಸ್ಟರ್ ಇಟ್ಟರೆ ಲೈಟ್ ಹತ್ತಬೇಕು ಮಾಮ, ಇಲ್ಲ ಹತ್ತಬಾರದು. ನಡುವೆ ಇನ್ನೊಂದು ಇರಬಾರದು.” ಎಲೆಕ್ಟ್ರಿಷಿಯನ್ ಬುದ್ಧಿ. ಕೋಚ್ ಇಲ್ಲದ ಮನೆಯಲ್ಲಿ ಇದಕ್ಕಿಂತ ಒಳ್ಳೆಯ ಅಳತೆಗೋಲು ಸಿಗದು: ಸಾಧನ ಯಾವುದೇ ಇರಲಿ, ಬೀಸಿದ ಕೂಡಲೇ ಸರಿ ಅಥವಾ ತಪ್ಪು ಅಂತ ಅದು ಹೇಳಬೇಕು. ಹೇಳದಿದ್ದರೆ ಅದು ಆಟಿಕೆ.

ಈ ಪರೀಕ್ಷೆಯಲ್ಲಿ ಮೊದಲು ಪಾಸಾದದ್ದು ಟವೆಲ್ಲು. ಎದೆಯ ಮೇಲೆ ಅಡ್ಡಲಾಗಿ ಹಾಸಿ ಎರಡೂ ತುದಿಯನ್ನು ಕಂಕುಳಲ್ಲಿ ಒತ್ತಿ ಹಿಡಿದು ಅರ್ಧ ಸ್ವಿಂಗ್ ಬೀಸಬೇಕು. ಕೈಗಳು ಮೈಯಿಂದ ಬೇರೆಯಾಗಿ ತಮ್ಮಷ್ಟಕ್ಕೆ ಹೊರಟರೆ ಟವೆಲ್ಲು ಜಾರಿ ಬೀಳುತ್ತದೆ, ಎದೆ ತಿರುಗಿದ್ದಕ್ಕೆ ಕೈ ಹಿಂಬಾಲಿಸಿದರೆ ನಿಲ್ಲುತ್ತದೆ. ದೊಡ್ಡ ಆಟಗಾರರೂ ಮಾಡುವ ಅಭ್ಯಾಸ ಇದು. ಮೇನೇಜರರ ಟವೆಲ್ಲು ಮೊದಮೊದಲು ಪ್ರತಿ ಸಲವೂ ಬಿತ್ತು. ಕ್ರಿಕೆಟ್ಟಿನ ಕೈಯವರಿಗೆಲ್ಲ ಹೀಗೇ ಆಗುತ್ತದೆ, ಅವರಿಗೆ ಬೀಸು ಅಂದರೆ ತೋಳು.

ಗೋಡೆ ಎರಡನೆಯದು. ಹಿಂಭಾಗ ಗೋಡೆಗೆ ತಾಗುವಂತೆ ಬಾಗಿ ನಿಂತು, ಕೋಲಿಲ್ಲದೆ, ಎದೆಯ ಮೇಲೆ ಕೈಕಟ್ಟಿ ತಿರುಗುವುದು. ಹಿಂದಕ್ಕೆ ತಿರುಗಿದಾಗ ಬಲಗಡೆ ಗೋಡೆಗೆ ಒತ್ತಬೇಕು, ಮುಂದಕ್ಕೆ ಬಂದಾಗ ಎಡಗಡೆ. ನಡುವೆ ಮೈ ಗೋಡೆ ಬಿಟ್ಟು ಚೆಂಡಿನ ಕಡೆ ಮುನ್ನುಗ್ಗಿದರೆ ಕೈಗಳಿಗೆ ಜಾಗ ಸಾಲದೆ ಏಟು ಕೆಡುತ್ತದೆ. ನಡು ಹಿಡಿದ ವಯಸ್ಸಿನಲ್ಲಿ ಇದು ವ್ಯಾಯಾಮವೂ ಹೌದು. ಮೇನೇಜರರ ಮನೆಯವರು ಅಡುಗೆಮನೆಯಿಂದ ಇಣುಕಿ, “ಏನ್ರೀ, ಗೋಡೆ ತಳ್ಳಿ ಮನೆ ದೊಡ್ಡದು ಮಾಡ್ತೀರಾ?” ಅಂದದ್ದುಂಟು.

ಹಿಂದೂಪುರದಲ್ಲಿ ಹುಣಸೆಗೆ ಬರವಿಲ್ಲ. ತೆಳ್ಳಗಿನ ಬರಲೊಂದನ್ನು ಸವರಿಕೊಂಡು ಅಳಿಯ ತಂದ. ಅದನ್ನು ಕೋಲಿನಂತೆ ಹಿಡಿದು ಬೀಸಿದರೆ ‘ಸುಯ್’ ಎನ್ನುತ್ತದೆ. ಆ ಸದ್ದು ಎಲ್ಲಿ ಬರುತ್ತದೆ ಎಂಬುದೇ ಪಾಠ. ಬಲಗಿವಿಯ ಹತ್ತಿರ, ಮೇಲುಗಡೆಯೇ ಕೇಳಿದರೆ ಬಲವೆಲ್ಲ ಚೆಂಡು ಸಿಗುವ ಮೊದಲೇ ಖರ್ಚಾಗಿದೆ. ಕೆಳಗೆ ಚೆಂಡಿರುವ ಜಾಗದಲ್ಲಿ, ಇಲ್ಲವೇ ಅದನ್ನು ದಾಟಿ ಕೇಳಿದರೆ ಸರಿ. ಕೋಚ್‌ಗಳು ಕೋಲನ್ನು ತಲೆಕೆಳಗಾಗಿ ಹಿಡಿಸಿ ಮಾಡಿಸುವುದೂ ಇದನ್ನೇ. ಅಳಿಯನಿಗೆ ಬರಲಿನ ಈ ಗುಣ ಶಾಲೆಯಲ್ಲೇ ಗೊತ್ತಿತ್ತಂತೆ. ಅವರ ಮೇಷ್ಟರ ಬರಲು ಸದ್ದು ಮಾಡುತ್ತಿದ್ದದ್ದು ಅಂಗೈ ಮುಟ್ಟುವ ಹೊತ್ತಿಗೆ ಸರಿಯಾಗಿ.

ಲಯದ ಲೆಕ್ಕವೂ ಇದರ ಜತೆಗೇ ಬಂತು. ಅಮೆರಿಕದ ಜಾನ್ ನೊವೊಸೆಲ್ ಎಂಬಾತ ಹೆಸರಾಂತ ಆಟಗಾರರ ವಿಡಿಯೊಗಳನ್ನು ಚೌಕಟ್ಟು ಚೌಕಟ್ಟಾಗಿ ಎಣಿಸಿ ನೋಡಿದಾಗ, ಕೋಲು ಮೇಲೆ ಹೋಗಲು ಹಿಡಿದ ಸಮಯ ಕೆಳಗೆ ಬರಲು ಹಿಡಿದದ್ದರ ಮೂರು ಪಟ್ಟು ಎಂದು ಕಂಡಿತು. ಸೆಕೆಂಡಿಗೆ 30 ಚೌಕಟ್ಟಿನ ವಿಡಿಯೊದಲ್ಲಿ 24 ಮೇಲಕ್ಕೆ, 8 ಕೆಳಕ್ಕೆ. ಕೆಲವರದು 21-7, ಕೆಲವರದು 27-9. ವೇಗ ಬೇರೆ, ಪ್ರಮಾಣ ಒಂದೇ. ಮೇನೇಜರರ ಮನೆಯವರು ಸಂಗೀತ ಕಲಿತವರು. ಈ ಲೆಕ್ಕ ಕೇಳಿದವರೇ ತೊಡೆ ತಟ್ಟಿ ತಾಳ ಹಾಕಿಕೊಟ್ಟರು: ಮೂರೆಣಿಕೆಗೆ ಮೇಲೆ, ನಾಲ್ಕಕ್ಕೆ ಕೆಳಗೆ. ಗಂಡ ಮೂರನ್ನು ಒಂದೂವರೆಯಲ್ಲೇ ಮುಗಿಸುತ್ತಿದ್ದರು.

ಇನ್ನು ಗೋಣಿಚೀಲ. ಅಂಗಡಿಯಲ್ಲಿ ‘ಇಂಪ್ಯಾಕ್ಟ್ ಬ್ಯಾಗ್’ ಎಂದು ಮಾರುವ ವಸ್ತು ಇದೇ, ಬಣ್ಣ ಬೇರೆ ಅಷ್ಟೆ. ಹಳೆಯ ಸೀರೆ, ಪಂಚೆ, ಹರಿದ ಬೆಡ್‌ಶೀಟುಗಳನ್ನು ಗಟ್ಟಿಯಾಗಿ ತುಂಬಿ ಬಾಯಿ ಹೊಲಿದು, ಮಾಳಿಗೆಯ ಮೋಟುಗೋಡೆಗೆ ಒರಗಿಸಿ, ಚೆಂಡು ಇರಬೇಕಾದ ಜಾಗದಲ್ಲಿ ಚೀಲ ಇಟ್ಟು ಬೀಸುವುದು. ಕೋಲು ಚೀಲಕ್ಕೆ ಬಡಿದು ಅಲ್ಲೇ ನಿಲ್ಲುತ್ತದೆ. ಅದೇ ಅದರ ಗುಣ. ಚೆಂಡಿಗೂ ಕೋಲಿಗೂ ನಿಜವಾದ ಆಟದಲ್ಲಿ ಇರುವ ನಂಟು ಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗ ಮಾತ್ರ, ಕಣ್ಣಿಗೆ ಅದು ಸಿಗುವುದಿಲ್ಲ. ಚೀಲ ಆ ಕ್ಷಣವನ್ನು ಹಿಡಿದು ನಿಲ್ಲಿಸಿ ತೋರಿಸುತ್ತದೆ. ನಿಂತಲ್ಲೇ ತಲೆ ಬಗ್ಗಿಸಿ ನೋಡಬೇಕು: ಕೈಗಳು ಕೋಲಿನ ತಲೆಗಿಂತ ಮುಂದೆ, ಗುರಿಯ ಕಡೆ ಇವೆಯೋ? ಎಡ ಮಣಿಕಟ್ಟು ನೆಟ್ಟಗಿದೆಯೋ, ಚಮಚದಂತೆ ಹಿಂದಕ್ಕೆ ಬಾಗಿದೆಯೋ? ಮೈಭಾರ ಎಡಗಾಲಿಗೆ ಬಂದಿದೆಯೋ, ಬಲಗಾಲಲ್ಲೇ ಉಳಿದಿದೆಯೋ?

ಮೇನೇಜರರದು ಬಾಗಿದ ಮಣಿಕಟ್ಟು. ಚೆಂಡನ್ನು ಮೇಲೆತ್ತಿ ಹಾರಿಸಬೇಕೆಂಬ ಆಸೆಗೆ ಹೊಸಬರೆಲ್ಲ ಮಾಡುವುದು ಇದನ್ನೇ. ಸೆವೆನ್ ಐರನ್ನಿನ ಮುಖ ಹುಟ್ಟಿನಿಂದಲೇ ವಾಲಿಕೊಂಡಿದೆ, ಎತ್ತುವ ಕೆಲಸ ಅದರದು. ಆಡುವವರು ಮತ್ತೆ ಎತ್ತಲು ಹೋದರೆ ಕೋಲು ಚೆಂಡಿನ ತಲೆಗೋ ಹಿಂದಿನ ನೆಲಕ್ಕೋ ಬೀಳುತ್ತದೆ. ಚೀಲದ ಮುಂದೆ ನಿಧಾನಕ್ಕೆ, ಬಲವಿಲ್ಲದೆ, ದಿನವೂ ಹೊಡೆದು ಹೊಡೆದು ಮಣಿಕಟ್ಟು ನೆಟ್ಟಗಾಯಿತು. ಜೋರಾಗಿ ಹೊಡೆದರೆ ಮಣಿಕಟ್ಟಿಗೇ ಪೆಟ್ಟು. ಚೀಲ ಮೆತ್ತಗಿದ್ದಷ್ಟೂ ಒಳ್ಳೆಯದು. ಒಳಗೆ ಮರಳು, ಕಲ್ಲು, ಕಾಳು ಯಾವುದೂ ಬೇಡ. ‘ಧಪ್’ ‘ಧಪ್’ ಸದ್ದಿಗೆ ಪಕ್ಕದ ಮಾಳಿಗೆಯಲ್ಲಿ ಸಂಡಿಗೆ ಇಡುತ್ತಿದ್ದ ಅಜ್ಜಿ, ಹಾಸಿಗೆಯ ಧೂಳು ಕೊಡವುತ್ತಿದ್ದಾರೆ ಅಂದುಕೊಂಡಿದ್ದರಂತೆ.

ಆದರೂ ಚೀಲ ಹೇಳದ ಒಂದು ವಿಷಯವಿದೆ. ಕೋಲು ನೆಲವನ್ನು ಎಲ್ಲಿ ಮುಟ್ಟುತ್ತದೆ? ಸಿಮೆಂಟಿನ ಮಾಳಿಗೆಯಲ್ಲಿ ಅದನ್ನು ಪರೀಕ್ಷಿಸಲು ಹೋದರೆ ಐರನ್ನೂ ಉಳಿಯದು, ಮಾಳಿಗೆಯೂ ಉಳಿಯದು. ಅದಕ್ಕೆ ಮಣ್ಣೇ ಬೇಕು. ಮಣ್ಣು ಕಲ್ಯಾಣದುರ್ಗದಲ್ಲಿತ್ತು.

ಕಡಲೆಕಾಯಿ ಕಿತ್ತು ಬಳ್ಳಿ ಬಣವೆ ಸೇರಿದ ಮೇಲೆ ಅಕ್ಕನ ಮನೆಯ ಹೊಲ ಖಾಲಿ ಬಿದ್ದಿತ್ತು. ಮರಳು ಬೆರೆತ ಕೆಂಪು ನೆಲ. ಮೇನೇಜರ್ ಅಲ್ಲಿಗೆ ಹೋದಾಗ ಅಳಿಯ ಒಂದು ಪಟ್ಟಿಯಷ್ಟು ಜಾಗ ಹದ ಮಾಡಿಟ್ಟಿದ್ದ. ರಂಗೋಲಿ ಪುಡಿಯಿಂದ ನೆಲದ ಮೇಲೆ ಮಾರುದ್ದದ ಬಿಳಿ ಗೆರೆ ಎಳೆದ. ಗೆರೆಯನ್ನು ಎರಡು ಪಾದಗಳ ನಡುವೆ ಬರುವಂತೆ ಇಟ್ಟುಕೊಂಡು ನಿಲ್ಲಬೇಕು, ಚೆಂಡಿಲ್ಲದೆ ಬೀಸಬೇಕು, ಒಂದು ಹೆಜ್ಜೆ ಮುಂದೆ ಸರಿದು ಮತ್ತೆ ಬೀಸಬೇಕು. ಗೆರೆಯುದ್ದಕ್ಕೂ ಕೋಲು ಕೆರೆದ ಗುರುತುಗಳ ಸಾಲು ಬೀಳುತ್ತದೆ. ಗುರುತು ಗೆರೆಯ ಮೇಲೆಯೋ ಗುರಿಯ ಕಡೆಯೋ ಶುರುವಾಗಿದ್ದರೆ ಚೆಂಡು ಮೊದಲು, ನೆಲ ಆಮೇಲೆ ಎಂದರ್ಥ. ಗೆರೆಗಿಂತ ಹಿಂದೆ ಶುರುವಾಗಿದ್ದರೆ ಕೋಲು ನೆಲ ಅಗೆದು ದಣಿದು ಚೆಂಡಿಗೆ ಬಂದಿದೆ.

ಮೊದಲ ಸಾಲಿನ ಗುರುತುಗಳೆಲ್ಲ ಗೆರೆಯ ಹಿಂದೆ, ಕೆಲವು ನಾಲ್ಕು ಬೆರಳು, ಕೆಲವು ಗೇಣು. ಅಳಿಯ ಟೇಪು ಹಿಡಿದು ಅಳೆದ. ರೇಂಜಿನಲ್ಲಿ ಇದು ಇಷ್ಟು ಬತ್ತಲಾಗಿ ಕಾಣುವುದೇ ಇಲ್ಲ: ಅಲ್ಲಿನ ಚಾಪೆಯ ಮೇಲೆ ಕೋಲು ಎರಡಿಂಚು ಹಿಂದೆ ಬಿದ್ದರೂ ಜಾರಿಕೊಂಡು ಬಂದು ಚೆಂಡನ್ನು ತಳ್ಳುತ್ತದೆ, ಏಟು ಚೆನ್ನಾಗಿತ್ತು ಎಂಬ ಭ್ರಮೆ ಕೊಡುತ್ತದೆ. ಕಲ್ಯಾಣದುರ್ಗದ ಮಣ್ಣಿಗೆ ಆ ದಾಕ್ಷಿಣ್ಯವಿಲ್ಲ. ಮಣ್ಣು ಇನ್ನೊಂದನ್ನೂ ಹೇಳಿತು. ಗುರುತುಗಳು ಗುರಿಯ ಕಡೆ ನೇರ ಹೋಗದೆ ಎಡಕ್ಕೆ ಓರೆಯಾಗಿದ್ದವು. ಕೋಲು ಹೊರಗಿನಿಂದ ಒಳಕ್ಕೆ ಕತ್ತರಿಸಿಕೊಂಡು ಬರುತ್ತಿದೆ ಎಂಬುದಕ್ಕೆ ಅದು ಸಾಕ್ಷಿ. ಬಲಗೈ ಆಟಗಾರರ ಚೆಂಡು ಬಲಕ್ಕೆ ತಿರುಗಿ ಹೋಗುವ ಸ್ಲೈಸ್ ಎಂಬ ಕಾಯಿಲೆಯ ಬೇರು ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಅದಕ್ಕೆ ಅಳಿಯ ಎರಡು ಕಡ್ಡಿ ನೆಟ್ಟು ಗಲ್ಲಿ ಮಾಡಿಕೊಟ್ಟ. ಓರೆ ಬಂದರೆ ಕಡ್ಡಿ ಮುರಿಯುತ್ತದೆ. ತೊಗರಿ ಕಡ್ಡಿಗೆ ದುಡ್ಡಿಲ್ಲ.

ಅಕ್ಕನಿಗೆ ಮಾತ್ರ ಸಿಟ್ಟು. “ಡಬ್ಬಿ ಪುಡಿ ಎಲ್ಲ ಹೊಲಕ್ಕೆ ಸುರಿದ್ರಲ್ಲೋ, ಹಬ್ಬಕ್ಕೆ ಬಾಗಿಲಲ್ಲಿ ಏನು ಬಿಡಿಸ್ಲಿ?” ಆಮೇಲೆ ಸುಣ್ಣದ ಪುಡಿ ಬಂತು.

ಹೊಲದ ಮೂಲೆಯಲ್ಲಿ ಅಳಿಯ ಒಂದು ‘ಬ್ರೌನ್’ ಕೂಡ ಮಾಡಿದ. ಹುಲ್ಲು ಬೆಳೆಯದ ಒಣ ದೇಶಗಳಲ್ಲಿ ಕುಳಿಯ ಸುತ್ತ ಹಸಿರಿನ ಬದಲು ಎಣ್ಣೆ ಬೆರೆಸಿದ ಮರಳು ಹಾಸಿ ಆಡುವ ಪದ್ಧತಿಯಿದೆ, ಅದಕ್ಕೆ ಬ್ರೌನ್ ಅಂತಾರೆ. ಇಲ್ಲಿ ಎಣ್ಣೆ ಇಲ್ಲ, ಬರೀ ಮರಳು. ಒದ್ದೆ ಚೀಲ ಎಳೆದು ಸಮ ಮಾಡಿದ್ದು. ಕುಳಿಗೆ ನಾಲ್ಕಿಂಚಿನ ಪಿವಿಸಿ ಪೈಪಿನ ತುಂಡು. ಗಾಲ್ಫ್ ಕುಳಿಯ ಅಧಿಕೃತ ಅಗಲ ನಾಲ್ಕೂಕಾಲು ಇಂಚು, ಅಂದರೆ 108 ಮಿಲಿಮೀಟರ್. ಅಷ್ಟೋತ್ತರದ ಲೆಕ್ಕ ಸ್ಕಾಟ್ಲೆಂಡಿಗೆ ಹೇಗೆ ಹೋಯಿತೋ! ನಿಜದಲ್ಲಿ ಅದು ಮಸಲ್‌ಬರೋ ಮೈದಾನದಲ್ಲಿ 1829ರಲ್ಲಿ ಮಾಡಿದ ಕುಳಿ ಕೊರೆಯುವ ಸಾಧನದ ಅಳತೆ; ಕೈಗೆ ಸಿಕ್ಕ ಚರಂಡಿ ಪೈಪಿನಿಂದ ಬಂದದ್ದೆಂಬ ಮಾತಿದೆ. 1891ರಲ್ಲಿ ಅದೇ ನಿಯಮವಾಯಿತು. ಪೈಪಿನ ಅಂಗಡಿಯಿಂದಲೇ ಕುಳಿ ತಂದ ಅಳಿಯನಿಗೆ ಈ ಕಥೆ ಕೇಳಿ ಬಹಳ ಖುಷಿಯಾಯಿತು.

ಹಿಂದೂಪುರದ ಮನೆಯೊಳಗೆ ಪಟ್ಟಿಂಗ್‌ಗೆ ಇದ್ದದ್ದು ಸ್ಟೀಲ್ ಲೋಟ. ಹಾಲಿನ ಕೆಂಪು ರೆಡ್‌ಆಕ್ಸೈಡ್ ನೆಲದ ಮೇಲೆ ಲೋಟ ಅಡ್ಡ ಮಲಗಿಸಿ, ಚೆಂಡಿನ ಒಂದಡಿ ಮುಂದೆ ಎರಡು ನಾಣ್ಯಗಳನ್ನು ಬಾಗಿಲಿನಂತೆ ಇಟ್ಟು, ನಾಣ್ಯ ಸೋಕದೆ ಚೆಂಡನ್ನು ಲೋಟದೊಳಗೆ ಕಳಿಸುವುದು. ಲೋಟದ ಬಾಯಿ ನಿಜವಾದ ಕುಳಿಗಿಂತ ಚಿಕ್ಕದು. ನಾಣ್ಯದ ಬಾಗಿಲು ದಾಟಿದ ಚೆಂಡಿನ ದಿಕ್ಕು ಸರಿ, ಲೋಟದಿಂದ ಚಿಮ್ಮಿ ಹೊರಬಂದ ಚೆಂಡಿನ ವೇಗ ಹೆಚ್ಚು. ಎರಡು ದೋಷ, ಎರಡು ಬೇರೆ ಉತ್ತರ. ಮನೆಯಲ್ಲಿ ಮಾಡಬಹುದಾದ ಅಭ್ಯಾಸಗಳಲ್ಲಿ ಇದಕ್ಕೆ ಮೊದಲ ಸ್ಥಾನ ಕೊಡಬೇಕು. ಪಾರ್ 72ರ ಮೈದಾನ ಅಂದರೆ 72 ಏಟಿನಲ್ಲಿ ಮುಗಿಸಬೇಕಾದದ್ದು, ಅದರಲ್ಲಿ 36 ಏಟು ಪಟ್ಟಿಂಗ್‌ಗೆಂದೇ ಲೆಕ್ಕ ಹಿಡಿದದ್ದು. ಅರ್ಧ ಆಟ ಹಾಲಿನ ನೆಲದ ಮೇಲೇ ಕಲಿಯಬಹುದು, ಆದರೆ ಹೊಸಬರು ಕೋಲು ಬೀಸುವ ಮೋಜಿಗೆ ಅದನ್ನು ಕಡೆಗಣಿಸುತ್ತಾರೆ.

2021ರ ಆಗಸ್ಟ್ 7, ಶನಿವಾರ. ಆ ಬೆಳಗ್ಗೆ ದೇಶದಲ್ಲಿ ಗಾಲ್ಫ್ ಎಂದರೇನೆಂದು ಗೊತ್ತಿಲ್ಲದವರೂ ಟಿವಿ ಮುಂದೆ ಕೂತಿದ್ದರು. ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸಿನ ಕೊನೆಯ ಸುತ್ತಿನಲ್ಲಿ ಪದಕದ ಪೈಪೋಟಿಯಲ್ಲಿದ್ದರು. ಅಳಿಯ ಅವತ್ತು ಹಿಂದೂಪುರದಲ್ಲೇ ಇದ್ದ. ಅದಿತಿ, ಐದು ವರ್ಷದ ಮಗುವಾಗಿದ್ದಾಗ ಅಪ್ಪ-ಅಮ್ಮನ ಜತೆ ತಿಂಡಿಗೆ ಹೋದ ಹೋಟೆಲಿನಿಂದ ಗಾಲ್ಫ್ ಮೈದಾನ ಕಂಡು, ಇದೇನೆಂದು ಕೇಳಿ, ಪಟ್ಟಿಂಗ್ ಹಸಿರಿನ ಮೇಲೆ ಆಟ ಶುರು ಮಾಡಿದ ಹುಡುಗಿ. ಆ ಮೈದಾನ ಮೇನೇಜರರ ಶಾಖೆಯ ಪಕ್ಕದ್ದೇ. 2016ರ ರಿಯೊದಲ್ಲಿ ಅಪ್ಪ ಅವರ ಕ್ಯಾಡಿ, ಟೋಕಿಯೊದಲ್ಲಿ ಅಮ್ಮ. ದೂರ ಹೊಡೆಯುವುದರಲ್ಲಿ ಅದಿತಿ ಎದುರಾಳಿಗಳಿಗಿಂತ ಬಹಳ ಹಿಂದಿದ್ದರು. ಅದೇ ವರ್ಷ ಕೋವಿಡ್ ಬೇರೆ ಬಂದುಹೋಗಿತ್ತು. ಅವರನ್ನು ಅಲ್ಲಿಯವರೆಗೆ ತಂದದ್ದು ಪಟ್ಟರ್. ನಡುವೆ ಗುಡುಗು ಮಳೆಗೆ ಆಟ ನಿಂತಿತು, ಮತ್ತೆ ಶುರುವಾಯಿತು. ಹದಿನೆಂಟನೇ ಕುಳಿಯಲ್ಲಿ ಅವರ ಬರ್ಡಿ ಪಟ್, ಅಂದರೆ ಪಾರ್‌ಗಿಂತ ಒಂದು ಏಟು ಉಳಿಸುವ ಪಟ್, ಒಳಹೋಗಲಿಲ್ಲ. ಒಟ್ಟು 269, ಪಾರ್‌ಗಿಂತ 15 ಕಡಿಮೆ, ನಾಲ್ಕನೇ ಸ್ಥಾನ. ಕಂಚು ಗೆದ್ದ ಲಿಡಿಯಾ ಕೊ 16 ಕಡಿಮೆ. ಒಂದೇ ಒಂದು ಏಟು.

“ದೂರ ಹೊಡೆಯದಿದ್ರೂ ಇಷ್ಟು ದೂರ ಹೋಗಬಹುದಾ ಮಾಮ?” ಎಂದ ಅಳಿಯ. ಅವತ್ತಿನಿಂದ ಲೋಟದ ಸರದಿಗೆ ಇಬ್ಬರಲ್ಲೂ ಜಗಳ.

ಎಲ್ಲ ಪ್ರಯೋಗವೂ ಫಲಿಸಿತೆಂದೇನೂ ಅಲ್ಲ. ಸೊಳ್ಳೆ ಪರದೆಯನ್ನು ಬಲೆಯಾಗಿ ಕಟ್ಟಿದ್ದು ಮೊದಲ ದಿನವೇ ಹರಿಯಿತು. 46 ಗ್ರಾಮಿನ ಗಟ್ಟಿ ಚೆಂಡಿಗೆ ಅದು ಯಾವ ಲೆಕ್ಕ? ತೂತು ತೂತಿನ ಪ್ಲಾಸ್ಟಿಕ್ ಚೆಂಡು ಬಂದ ಮೇಲೆ ಓಣಿಯವರು ನಿಶ್ಚಿಂತರಾದರು. ಆ ಚೆಂಡನ್ನು ಹಗುರವಾಗಿ ಕಾಣಬೇಕಿಲ್ಲ. ಫ್ಲಾರಿಡಾದ ಸಣ್ಣ ಊರಿನಲ್ಲಿ ಬಬ್ಬಾ ವಾಟ್ಸನ್ ಅಂಥ ಚೆಂಡನ್ನು ಮನೆಯ ಸುತ್ತ ಹೊಡೆದುಕೊಂಡೇ ಬೆಳೆದು 2012 ಮತ್ತು 2014ರಲ್ಲಿ ಮಾಸ್ಟರ್ಸ್ ಗೆದ್ದರು. ಸ್ಪೇನಿನ ಸೆವೆ ಬ್ಯಾಲೆಸ್ಟರೋಸ್ ಬಾಲ್ಯದಲ್ಲಿ ಒಂದೇ ಒಂದು ಹಳೆಯ ತ್ರೀ ಐರನ್ ಹಿಡಿದು ಸಮುದ್ರತೀರದ ಮರಳಿನಲ್ಲಿ ಆಟ ಕಲಿತರು. ಮುಂಬೈನ ಚೆಂಬೂರಿನಲ್ಲಿ ಗಾಲ್ಫ್ ಕ್ಲಬ್ಬಿನ ಪಕ್ಕದ ಕೊಳೆಗೇರಿಯ ಹುಡುಗರು ಕಟ್ಟಡದ ಕಬ್ಬಿಣದ ಸರಳು ಬಗ್ಗಿಸಿ ಕೋಲು ಮಾಡಿಕೊಂಡು, ಪ್ಲಾಸ್ಟಿಕ್ ಚೆಂಡಿನಿಂದ ಗಲ್ಲಿಯಲ್ಲೇ ಆಡುತ್ತಾರೆ.

ಬಳುಕುವ ಕೋಲಿನ ತುದಿಗೆ ಕಿತ್ತಳೆ ಬಣ್ಣದ ಗುಂಡು ಇರುವ ‘ಆರೆಂಜ್ ವಿಪ್’ ಎಂಬ ಸಾಧನ ಗಾಲ್ಫ್ ಲೋಕದಲ್ಲಿ ಹೆಸರುವಾಸಿ, ಬೆಲೆಯೂ ಹಾಗೆಯೇ. ಅಳಿಯ ವೈರಿಂಗ್ ಪೈಪಿನ ತುದಿಗೆ ಒದ್ದೆ ಬಟ್ಟೆ ಸುತ್ತಿ ಅದರ ತಮ್ಮನನ್ನು ಮಾಡಿದ. ಅವಸರ ಮಾಡಿದರೆ ಪೈಪು ಬಾಗಿ ಬೆನ್ನಿಗೆ ಬಡಿಯುತ್ತಿತ್ತು. ಲಯ ಕಲಿಸುವಲ್ಲಿ ಅದು ತಾಳಕ್ಕಿಂತ ಕಟ್ಟುನಿಟ್ಟು. ಮೊಬೈಲಿನ ನಿಧಾನಗತಿ ವಿಡಿಯೊ ಮಾತ್ರ ಮೇನೇಜರರಿಗೆ ಉಪಕಾರಕ್ಕಿಂತ ಉಪದ್ರವವೇ ಆಯಿತು. ಒಂದು ಸ್ವಿಂಗಿನಲ್ಲಿ ಹತ್ತು ದೋಷ ಕಂಡು, ಹತ್ತನ್ನೂ ಒಟ್ಟಿಗೆ ತಿದ್ದಲು ಹೋಗಿ ಕಾಲು ಎಲ್ಲಿದೆ ಕೈ ಎಲ್ಲಿದೆ ತಿಳಿಯದಾಯಿತು. ಟವೆಲ್ಲು ಒಂದೇ ಮಾತು ಹೇಳುತ್ತದೆ. ಅದರ ದೊಡ್ಡತನ ಅದು.

ರೈಲು, ಕ್ಲಬ್ಬು ಎಲ್ಲ ತೆರೆದ ಮೇಲೆ ಮೇನೇಜರ್ ಬೆಂಗಳೂರಿಗೆ ಹೋಗಿ ಆಡಿದರು. ಫಲ ಏನು? ದೂರ ಹೆಚ್ಚಲಿಲ್ಲ. ಸ್ಲೈಸ್ ಪೂರ್ತಿ ಹೋಗದಿದ್ದರೂ ತಗ್ಗಿತು, ಐರನ್ ಮೊದಲು ಚೆಂಡನ್ನೇ ಮುಟ್ಟತೊಡಗಿತು, ಹತ್ತಿರದ ಪಟ್‌ಗಳು ತಪ್ಪುವುದು ಅಪರೂಪವಾಯಿತು. ಆದರೆ ಮಾಳಿಗೆ ಸಮ, ಹೊಲ ಸಮ. ಮೈದಾನ ಸಮ ಅಲ್ಲ. ಇಳಿಜಾರಿನಲ್ಲಿ ನಿಂತಾಗ, ಚೆಂಡು ಉದ್ದ ಹುಲ್ಲಿನೊಳಗೆ ಕೂತಾಗ, ಎದುರುಗಾಳಿ ಬೀಸಿದಾಗ ಗೋಣಿಚೀಲದ ಪಾಠ ಮುಗಿದಿರುತ್ತದೆ. ಆ ಪಾಠ ಮೈದಾನವೇ ಹೇಳಬೇಕು. ಮನೆಯ ಸಾಧನಗಳಿಂದ ಆಟಗಾರನಾಗುತ್ತೇನೆಂದು ಹೊರಟವರಿಗೆ ನಿರಾಶೆ ಖಚಿತ. ಮೈದಾನಕ್ಕೆ ಹೋದ ದಿನ ಮೊದಲಿನಿಂದ ಶುರು ಮಾಡುವುದು ತಪ್ಪಬೇಕೆನ್ನುವವರಿಗೆ ಅವು ಸಾಕು.

ಅಳಿಯ ಈಗಲೂ ಕಲ್ಯಾಣದುರ್ಗದಲ್ಲಿ ಹೊಲ ಖಾಲಿಯಾದಾಗ ಗೆರೆ ಎಳೆಯುತ್ತಾನೆ. ಸುತ್ತಲಿನ ಹುಡುಗರು ಬಂದು ನಿಲ್ಲುತ್ತಾರೆ, ಕೋಲು ಕೇಳುತ್ತಾರೆ. ಇರುವುದು ಒಂದೇ ಸೆವೆನ್ ಐರನ್, ಅದೂ ದೊಡ್ಡವರ ಉದ್ದದ್ದು. ಮಕ್ಕಳು ಅದರ ಕತ್ತು ಹಿಡಿದು ಬೀಸುತ್ತಾರೆ. ಬೆಂಗಳೂರಿನಲ್ಲಿ ಸೆಟ್ಟಿನ ಮೇಲೆ ಸೆಟ್ಟು ಬದಲಾಯಿಸುವ ಸದಸ್ಯರು ಬಹಳ ಮಂದಿ. ಹಳೆಯ ಕೋಲುಗಳು ಅಟ್ಟದ ಮೇಲೋ ಕಾರಿನ ಡಿಕ್ಕಿಯಲ್ಲೋ ತುಕ್ಕು ಹಿಡಿಯುತ್ತಿರುತ್ತವೆ. ಮಡಕಶಿರ, ಪಾವಗಡ, ಹಿಂದೂಪುರ, ಕಲ್ಯಾಣದುರ್ಗ, ಈ ಕಡೆಯ ಯಾವುದಾದರೂ ಶಾಲೆಯ ವ್ಯಾಯಾಮ ಮೇಷ್ಟರಿಗೆ ಅವನ್ನು ತಲುಪಿಸಿ. ಮಕ್ಕಳ ಅಳತೆಯದಿದ್ದರೆ ಇನ್ನೂ ಒಳ್ಳೆಯದು. ಗೋಣಿಚೀಲ, ಸುಣ್ಣ, ಲೋಟ ಇಲ್ಲೇ ಸಿಗುತ್ತವೆ.